ಹಂದಿ ತಿವಿದ ಕಾಲು ಪುನಃ ನಡೆದದ್ದು – ನನ್ನ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಅಡೂರು, ದೇಲಂಪಾಡಿ, ಕಾರಡ್ಕ ಕಡೆ ಯಾರಿಗಾದ್ರೂ ಕಾಡುಹಂದಿ ತಿವಿದ್ರೆ ಈಗ ನನಗೊಂದು ಫೋನ್ ಬರ್ತದೆ, "ನಿಮಗೆ ಆದಾಗ ಎಂತ ಮಾಡಿದ್ದು" ಅಂತ. ಗಡಿಬಿಡಿಯಲ್ಲಿ ಹೇಳಿದ್ದು ಅರ್ಧ ಬಿಟ್ಟು ಹೋಗ್ತದೆ, ಹಾಗಾಗಿ ಒಮ್ಮೆ ಪೂರ್ತಿ ಬರೆದಿಡ್ತೇನೆ. ನಾನು ಡಾಕ್ಟರ್ ಅಲ್ಲ, ರಬ್ಬರ್ ಟ್ಯಾಪಿಂಗ್ ಮಾಡುವವ, ನನ್ನ ಕಾಲಿಗೆ ಆದದ್ದು ಮಾತ್ರ ಹೇಳ್ತೇನೆ.

2022ರ ಡಿಸೆಂಬರ್, ಬೆಳಗ್ಗೆ ನಾಲ್ಕೂವರೆ. ಬಿಸಿಲು ಬಂದ ಮೇಲೆ ಮರದಲ್ಲಿ ಹಾಲು ಇಳಿಯುದು ಕಡಿಮೆ, ಅದಕ್ಕೇ ನಾವು ತಲೆಗೆ ಲೈಟ್ ಕಟ್ಟಿಕೊಂಡು ಕತ್ತಲಲ್ಲಿ ಹೋಗುದು. ಆ ಲೈಟಿನ ತೊಂದರೆ ಎಂತ ಅಂದ್ರೆ ಮರದ ಪಟ್ಟೆ ಚಂದ ಕಾಣ್ತದೆ, ಎರಡು ಮಾರು ಆಚೆ ಎಂತ ಉಂಟು ಅಂತ ಗೊತ್ತಾಗುದಿಲ್ಲ. ನಲವತ್ತು ಮರ ಮುಗಿದಿರಬಹುದು, ಪಕ್ಕದ ಮರಗೆಣಸಿನ ಜಾಗೆಯಿಂದ ಒಣ ಎಲೆ ಚರಪರ ಅಂದದ್ದು ಕೇಳಿತು, ನಾಯಿ ಅಂತ ಮಾಡಿದೆ. ಒಂದು ಸಲ ಗುರ್ ಅಂತ ಶಬ್ದ, ನಾನು ತಿರುಗುವಷ್ಟರಲ್ಲಿ ಬಲಗಾಲಿಗೆ ಯಾರೋ ಹಾರೆಯಲ್ಲಿ ಹೊಡೆದ ಹಾಗೆ ಆಗಿ ಬಿದ್ದೆ. ಆ ಹೊತ್ತಿಗೆ ನೋವೇ ಇಲ್ಲ ಮಾರಾಯ್ರೆ, ಬರೀ ಭಾರ. ಅದು ಹತ್ತು ಹೆಜ್ಜೆ ಮುಂದೆ ಹೋಗಿ ತಿರುಗಿ ಪುನಃ ಬಂತು, ನಾನು ತೆವಳಿ ಮರದ ಹಿಂದೆ ಸೇರಿದ್ದೆ, ಎರಡನೇ ಸಲದ್ದು ಮರಕ್ಕೇ ಬಿತ್ತು, ಮರಕ್ಕೆ ಕಟ್ಟಿದ ಗೆರಟೆ ಒಡೆದು ಅದರಲ್ಲಿದ್ದ ರಬ್ಬರ್ ಹಾಲು ಪೂರಾ ನನ್ನ ಕಾಲಿಗೆ, ಪಂಚೆಗೆ.

ಗಂಡು ಹಂದಿಯ ಕೆಳಗಿನ ಕೋರೆ ಮೇಲಿನ ಕೋರೆಗೆ ತಿಕ್ಕಿ ತಿಕ್ಕಿ ಕತ್ತಿಯ ಹಾಗೆ ಹರಿತ ಆಗಿರ್ತದಂತೆ, ತಲೆ ತಗ್ಗಿಸಿ ಬಂದು ಕೆಳಗಿಂದ ಮೇಲೆ ಎಳೀತದೆ. ಹಾಗಾಗಿ ಹೆಚ್ಚಿನವರಿಗೆ ಪೆಟ್ಟು ಮೊಣಕಾಲು, ತೊಡೆಗೆ. ನನಗೆ ಮೊಣಕಾಲಿನ ಹೊರಬದಿ, ಗಂಟಿನಿಂದ ಸ್ವಲ್ಪ ಕೆಳಗೆ ಶುರುವಾಗಿ ಮೇಲಕ್ಕೆ.

ನನ್ನ ಜತೆಗಾರ ಆಚೆ ಬ್ಲಾಕಲ್ಲಿದ್ದ, ಬೊಬ್ಬೆ ಕೇಳಿ ಓಡಿ ಬಂದ. ಅವ ತಂದ ಬೈರಾಸನ್ನು (ಟವೆಲ್) ನಾಲ್ಕು ಮಡಿಕೆ ಮಾಡಿ ಗಾಯದ ಮೇಲೆ ಇಟ್ಟು ಅಂಗೈಯಲ್ಲಿ ಒತ್ತಿ ಹಿಡಿದ, ಜೀಪ್ ಬಂದು ಆಸ್ಪತ್ರೆ ಮುಟ್ಟುವವರೆಗೂ ಕೈ ತೆಗೀಲಿಲ್ಲ. ಬಟ್ಟೆ ಒದ್ದೆ ಆದಾಗ ಅದನ್ನು ಕಿತ್ತು ನೋಡ್ಲಿಲ್ಲ, ಅದರ ಮೇಲೇ ಇನ್ನೊಂದು ಇಟ್ಟ. ನಾನು ಇವತ್ತು ಎರಡು ಕಾಲಲ್ಲಿ ನಿಂತಿದ್ರೆ ಅರ್ಧ ಆ ಕೈಯಿಂದ. ಸೇರಿದವರಲ್ಲಿ ಒಬ್ಬರು ಕಾಫಿ ಪುಡಿ ತುಂಬಿಸುವ ಅಂದ್ರು, ಒಬ್ಬರು ಸೈಕಲ್ ಟ್ಯೂಬ್ ತಂದು ತೊಡೆಗೆ ಬಿಗಿಯಾಗಿ ಕಟ್ಲಿಕ್ಕೆ ಹೊರಟ್ರು. ಎರಡೂ ಬೇಡ ಅಂದೆ. ಪುಡಿ ಹಾಕಿದ್ರೆ ಆಮೇಲೆ ಅದನ್ನೆಲ್ಲ ತೆಗೀಬೇಕಾದದ್ದು ಡಾಕ್ಟರ್. ಕಟ್ಟುದು ಒತ್ತಿದ್ರೂ ರಕ್ತ ಚಿಮ್ಮಿ ಬರುದು ನಿಲ್ಲದಿದ್ರೆ ಮಾತ್ರ.

ಮೊದಲು ಹೋದ ಕಡೆ ಏನಾಯ್ತು ಅಂತ ಹೇಳ್ಲೇಬೇಕು, ಹೆಸರು ಬೇಡ. ಹೊರಗಿಂದ ನೋಡಿದ್ರೆ ಗಾಯ ನಾಲ್ಕು ಬೆರಳಿನಷ್ಟು. ಬೇಗ ಬೇಗ ತೊಳೆದು ಹೊಲಿಗೆ ಹಾಕಿ ಒಂದು ಟಿಟಿ ಕೊಟ್ಟು, ಕಾಲು ಎತ್ಲಿಕ್ಕೆ ಆಗುದಿಲ್ಲ ಅಂತ ಹೇಳಿದ ಮೇಲೆ ಮಂಗಳೂರಿಗೆ ಬರೆದು ಕೊಟ್ರು. ಮುಳ್ಳೇರಿಯ, ಬದಿಯಡ್ಕ, ಕುಂಬಳೆ, ತಲಪಾಡಿ ದಾಟಿ ಅಲ್ಲಿಗೆ ಮುಟ್ಟುವಾಗ ಹತ್ತು ಗಂಟೆ. ತಲಪಾಡಿಯಲ್ಲಿ ನನಗೆ 2020ರ ಮಾರ್ಚ್ ನೆನಪಾಯ್ತು, ಲಾಕ್‌ಡೌನ್ ಅಂತ ಅಲ್ಲಿಯ ಕೇರಳ–ಕರ್ನಾಟಕ ಗಡಿ ಮುಚ್ಚಿ ನಮ್ಮ ಜಿಲ್ಲೆಯ ರೋಗಿಗಳು ಆಚೆ ಹೋಗ್ಲಿಕ್ಕಾಗದೆ ಸತ್ತರಲ್ಲ. ಆ ದಿನಗಳಲ್ಲಿ ನನಗೆ ಹೀಗೆ ಆಗಿದ್ರೆ ಅಂತ ಈಗ್ಲೂ ಯೋಚನೆ ಬರ್ತದೆ.

ಮಂಗಳೂರಿನ ಸರ್ಜನ್ ಮೊದಲು ಮಾಡಿದ್ದೇ ಆ ಹೊಲಿಗೆ ಬಿಚ್ಚಿದ್ದು. ಹಂದಿ ಗಾಯ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು ಅಂದ್ರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಒಳಗೆ ತೊಳೆದಾಗ ಮಣ್ಣು, ರಬ್ಬರ್ ಎಲೆಯ ಚೂರು, ಪಂಚೆಯ ನೂಲು ಎಲ್ಲ ಸಿಕ್ಕಿತಂತೆ. ಹಾಲು ಚೆಲ್ಲಿದ ಪಂಚೆ ಅಷ್ಟು ಹೊತ್ತಿಗೆ ರಬ್ಬರಾಗಿ ರೋಮಕ್ಕೆ ಅಂಟಿ ಕೂತಿತ್ತು, ಸಿಸ್ಟರ್ ಕತ್ತರಿಯಲ್ಲಿ ಒಂದೊಂದೇ ಎಳೆ ಬಿಡಿಸಿದ್ರು. ಮತ್ತೆ ಗಾಯವನ್ನು ಮುಚ್ಚಲೇ ಇಲ್ಲ! ಒಳಗೆ ಗಾಜ್ ಬಟ್ಟೆ ತುಂಬಿಸಿ ಹಾಗೇ ಬಿಟ್ರು, ದಿನಾ ಡ್ರೆಸ್ಸಿಂಗ್, ಆರನೇ ದಿನ ಒಳಗೆ ಕೆಂಪಗೆ ಚೊಕ್ಕ ಆದದ್ದು ನೋಡಿ ಆಮೇಲೆ ಹೊಲಿದದ್ದು. ಮನೆಯವರಿಗೆ ಇದು ಅರ್ಥ ಆಗ್ಲಿಲ್ಲ, ಇಷ್ಟು ದೊಡ್ಡ ಆಸ್ಪತ್ರೆ, ಒಂದು ಹೊಲಿಗೆ ಹಾಕ್ಲಿಕ್ಕೆ ಆಗುದಿಲ್ವಾ ಅಂತ ಜಗಳಕ್ಕೇ ಹೋಗಿದ್ರು. ದಯಮಾಡಿ ಹಾಗೆ ಮಾಡ್ಬೇಡಿ. ಪ್ರಾಣಿಯ ಗಾಯವನ್ನು ಕೂಡಲೇ ಮುಚ್ಚಿದ್ರೆ ಕೊಳೆ ಒಳಗೇ ಉಳಿದು ಕೀವು ಆಗ್ತದೆ.

ಹುಚ್ಚು ನಾಯಿಯ ಇಂಜೆಕ್ಷನ್ ಹಂದಿ ತಿವಿದದ್ದಕ್ಕೆ ಯಾಕೆ ಅಂತ ಎಲ್ರೂ ಕೇಳ್ತಾರೆ. ರೇಬಿಸ್ ಮೊಲೆಯೂಡುವ ಯಾವ ಪ್ರಾಣಿಗೂ ಬರಬಹುದು, ಬಾಯಿಯ ಜೊಲ್ಲು ಕೋರೆಯಲ್ಲೂ ಇರ್ತದೆ, ಕಾಡುಪ್ರಾಣಿಯ ಗಾಯವನ್ನು ಡಾಕ್ಟರುಗಳು ಮೂರನೇ ಕ್ಯಾಟಗರಿ, ಎಲ್ಲಕ್ಕಿಂತ ಗಂಭೀರದ್ದು, ಅಂತ ಲೆಕ್ಕ ಹಾಕುದು. ಅಂದ್ರೆ ವ್ಯಾಕ್ಸಿನ್ ಮಾತ್ರ ಸಾಲದು, ಇಮ್ಯುನೋಗ್ಲೋಬುಲಿನ್ ಅಂತ ಇನ್ನೊಂದು ಉಂಟು, ನಮ್ಮ ತೂಕ ನೋಡಿ ಡೋಸ್, ಅದನ್ನು ಗಾಯದ ಸುತ್ತ, ಒಳಗೆ ಚುಚ್ಚಿ ತುಂಬಿಸ್ತಾರೆ. ಅದು ಬೇರೆ ನಮೂನೆ ನೋವು, ಆದ್ರೆ ತಪ್ಪಿಸುವ ಹಾಗಿಲ್ಲ. ಮೊದಲು ಹೋದ ಕಡೆ ಅದು ಇರಲಿಲ್ಲ. ವ್ಯಾಕ್ಸಿನ್ ನನಗೆ ತೋಳಿಗೆ ಐದು ಸಲ, ಮೊದಲ ದಿನ, ಮತ್ತೆ 3, 7, 14, 28. ಚರ್ಮಕ್ಕೆ ಕೊಡುವ ಕ್ರಮ ಬೇರೆ ಉಂಟು, ಅದರಲ್ಲಿ ನಾಲ್ಕು ಸಲ ಹೋದ್ರೆ ಸಾಕು, ಆದ್ರೆ ಯಾವುದೇ ಆದ್ರೂ ಗಾಯ ಒಣಗಿತಲ್ಲಾ ಅಂತ ಕೊನೆಯದ್ದು ಬಿಡುವವರು ತುಂಬ ಜನ. ಆ ಕಾಯಿಲೆ ಶುರುವಾದ ಮೇಲೆ ಮದ್ದಿಲ್ಲ, ಬಿಡ್ಬೇಡಿ.

ಇನ್ನು ಕಾಲು. ಆಸ್ಪತ್ರೆಯಿಂದ ಹನ್ನೊಂದನೇ ದಿನ ಮನೆಗೆ ಬಂದೆ, ಗಾಯ ಚಂದ ಒಣಗಿತು, ಪಾದ ಮಾತ್ರ ಎತ್ಲಿಕ್ಕೆ ಬರ್ತಿರ್ಲಿಲ್ಲ. ಫುಟ್ ಡ್ರಾಪ್ ಅಂತಾರೆ. ಮೊಣಕಾಲಿನ ಹೊರಬದಿಯ ಎಲುಬಿನ ಗಂಟಿಗೆ ಸುತ್ತು ಹಾಕಿ ಒಂದು ನರ ಹೋಗ್ತದೆ, ಚರ್ಮದ ಕೆಳಗೇ. ನನ್ನದ್ದು ತುಂಡಾಗಿರ್ಲಿಲ್ಲ, ಜಜ್ಜಿತ್ತು. ಜಗಲಿಯಿಂದ ಅಂಗಳಕ್ಕೆ ಇಳಿದು ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದ್ರೆ ಚಪ್ಪಲಿ ಮೆಟ್ಲಲ್ಲೇ ಉಳಿದಿರ್ತಿತ್ತು, ಕಳಚಿದ್ದು ಗೊತ್ತೇ ಆಗ್ತಿರ್ಲಿಲ್ಲ. ಹೆಬ್ಬೆರಳು ನೆಲಕ್ಕೆ ತಾಗಿ ಮುಗ್ಗರಿಸುದು, ಮೆಟ್ಲು ಕಂಡ್ರೆ ಹೆದರಿಕೆ. ಗಾಯಕ್ಕಿಂತ ಇದಕ್ಕೆ ನಾನು ಹೆಚ್ಚು ಅತ್ತಿದ್ದೇನೆ.

ಜಜ್ಜಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೀತದೆ, ತಿಂಗಳಿಗೆ ಒಂದು ಇಂಚು ಅಂತ ಹಿಡಿದುಕೊಳ್ಳಿ ಅಂದ್ರು ಫಿಜಿಯೋ ಮಾಡಿಸುವವರು. ನನಗೆ ಅದೊಂದು ಲೆಕ್ಕ ಸಿಕ್ಕಿದ್ದು ದೊಡ್ಡ ಧೈರ್ಯ. ಮೊಣಕಾಲಿನಿಂದ ಕೆಳಗೆ ಬೆರಳ ತುದಿಯಲ್ಲಿ ತಟ್ಟುತ್ತಾ ಬಂದ್ರೆ ಒಂದು ಜಾಗದಲ್ಲಿ ಪಾದದವರೆಗೆ ಜುಂ ಅಂತದೆ, ನರ ಅಲ್ಲಿಯವರೆಗೆ ಬಂದಿದೆ ಅಂತ ಅರ್ಥ. ಪ್ರತಿ ಭಾನುವಾರ ಹಾಗೆ ತಟ್ಟಿ ಪೆನ್ನಲ್ಲಿ ಗುರುತು ಹಾಕಿ, ಹೆಂಡತಿಯ ಹೊಲಿಗೆ ಟೇಪಲ್ಲಿ ಅಳೆದು ಕ್ಯಾಲೆಂಡರಲ್ಲಿ ಬರೆದಿಟ್ಟೆ. ಜನವರಿ ಕೊನೆಗೆ ಎರಡೂವರೆ ಸೆಂಟಿಮೀಟರ್, ಮಾರ್ಚ್ ಹೊತ್ತಿಗೆ ಏಳು. ಕಣ್ಣಿಗೆ ಎಂತದೂ ಕಾಣದ ಆ ತಿಂಗಳುಗಳಲ್ಲಿ ಅದೊಂದೇ ನನಗೆ ಕಂಡದ್ದು. ಅಷ್ಟರವರೆಗೆ ಪಾದ ಜೋಲದ ಹಾಗೆ ಪ್ಲಾಸ್ಟಿಕ್ ಸ್ಪ್ಲಿಂಟ್, ದಿನಕ್ಕೆ ಮೂರು ಸಲ ಬೈರಾಸನ್ನು ಪಾದಕ್ಕೆ ಸುತ್ತಿ ನನ್ನ ಕಡೆ ಎಳೆಯುದು, ಇಲ್ಲದ್ರೆ ಹಿಂಬದಿಯ ಸ್ನಾಯು ಗಿಡ್ಡ ಆಗಿ ಆಮೇಲೆ ನರ ಸರಿಯಾದ್ರೂ ಪಾದ ಏಳುದಿಲ್ಲ. ಮೇ ತಿಂಗಳಲ್ಲಿ ಒಂದು ದಿನ ಸ್ನಾನ ಮಾಡುವಾಗ ಪಾದದ ಮೇಲ್ಬದಿಯ ಸ್ನಾಯುವಿನ ಹುರಿ ಒಮ್ಮೆ ಎದ್ದು ಬಿದ್ದದ್ದು ಕಂಡಿತು, ಗಂಟಲು ಕಟ್ಟಿ ಕರೀಲಿಕ್ಕೂ ಆಗ್ಲಿಲ್ಲ.

ಪರಿಹಾರದ ವಿಷಯ ಸ್ವಲ್ಪ. ಕೇರಳದಲ್ಲಿ 1980ರ ನಿಯಮದ ಪ್ರಕಾರ ಅರಣ್ಯ ಇಲಾಖೆಯಿಂದ ಪರಿಹಾರ ಉಂಟು, ಅಕ್ಷಯ ಕೇಂದ್ರದಿಂದ (ಸರ್ಕಾರಿ ಕೆಲಸಗಳನ್ನು ಕಂಪ್ಯೂಟರಲ್ಲಿ ಮಾಡಿಕೊಡುವ ಜಾಗ) ಆನ್‌ಲೈನ್ ಅರ್ಜಿ ಹಾಕ್ಲಿಕ್ಕೆ ಆಗ್ತದೆ. ನನ್ನ ಅರ್ಜಿ ಒಮ್ಮೆ ವಾಪಸ್ ಬಂತು, ಯಾಕಂದ್ರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೀ ಕಾಲಿನ ಗಾಯ ಅಂತ ಇತ್ತು, ಕಾಡುಹಂದಿ ಅಂತ ಇರಲಿಲ್ಲ. ಅದನ್ನು ಸರಿ ಮಾಡಿಸ್ಲಿಕ್ಕೆ ಊರುಗೋಲಲ್ಲಿ ಎರಡು ಸಲ ಮಂಗಳೂರಿಗೆ ಹೋಗ್ಬೇಕಾಯ್ತು. ಅಡ್ಮಿಟ್ ಆಗುವ ದಿನವೇ ಬರೆಸಿ, ಒಂದೊಂದು ಬಿಲ್ಲೂ ಇಟ್ಕೊಳ್ಳಿ. ಬಂದ ಕಾಗದ ಎಲ್ಲ ಮಲಯಾಳದಲ್ಲಿ, ಕನ್ನಡದಲ್ಲಿ ಕಲಿತ ನನ್ನಂಥವನಿಗೆ ಮಾತಾಡ್ಲಿಕ್ಕೆ ಬಂದ್ರೂ ಓದ್ಲಿಕ್ಕೆ ಕಷ್ಟ, ಮಗಳು ಓದಿ ಹೇಳಿದ್ದು. ಕಾಸರಗೋಡಲ್ಲಿ ಕನ್ನಡದವರಿಗೆ ಇಂಥ ಕಾಗದವಾದ್ರೂ ಕನ್ನಡದಲ್ಲಿ ಸಿಗ್ಬೇಕು, ಇದು ನನ್ನ ಗಟ್ಟಿ ಅಭಿಪ್ರಾಯ.

ಹೆದರಿಕೆ ಕಾಲಿಗಿಂತ ನಿಧಾನ. ರಾತ್ರಿ ಮಿಕ್ಸಿ ತಿರುಗಿದ್ರೂ ಬೆವರು. ಅದನ್ನು ಯಾರಿಗೂ ಹೇಳದೆ ಮೂರು ತಿಂಗಳು ಕಳೆದದ್ದು ನನ್ನ ತಪ್ಪು, ಡಾಕ್ಟರಿಗೆ ಹೇಳಿದ ಮೇಲೆ ನಿದ್ದೆ ಬಂತು. ತೋಟಕ್ಕೆ ಒಮ್ಮೆಲೇ ಹೋಗ್ಲಿಲ್ಲ. ಮೊದಲು ಮಧ್ಯಾಹ್ನ ಗೇಟಿನವರೆಗೆ, ಮತ್ತೆ ಆ ಮರದವರೆಗೆ, ಆ ಮೇಲೆ ಜತೆಗಾರನೊಟ್ಟಿಗೆ ಬೆಳಕು ಹರಿದ ಮೇಲೆ. ಹಾಲು ಸ್ವಲ್ಪ ಕಡಿಮೆ ಆಗ್ತದೆ, ಧನಿಗಳು ಒಪ್ಪಿದ್ರು, ಅವರಿಗೆ ಪುಣ್ಯ ಬರ್ಲಿ.

ಹಂದಿಗೆ ಉರುಳು ಇಡುವ ಅಂತ ಹೇಳುವವರಿಗೆ ಒಂದೇ ಮಾತು, ಉರುಳಿಂದ ಗಾಯ ಆಗಿ ತಪ್ಪಿಸಿಕೊಂಡ ಹಂದಿ ಮರುದಿನ ಬೆಳಗ್ಗೆ ಪೇಪರ್ ಹಾಕುವ ಹುಡುಗನ ಎದುರು ಬರ್ತದೆ. ಉಪದ್ರ ಕೊಡುವ ಹಂದಿಗೆ ಗುಂಡು ಹಾಕ್ಲಿಕ್ಕೆ ಅನುಮತಿ ಕೊಡುವ ಅಧಿಕಾರವನ್ನು ಕೇರಳದಲ್ಲಿ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೇ ಕೊಟ್ಟಿದ್ರು, ಪಂಚಾಯತಲ್ಲಿ ಕೇಳಿ.

ಹಂದಿಗೆ ಕಣ್ಣು ಮಂದ, ಕಿವಿ ಮೂಗು ಚುರುಕು, ಮನುಷ್ಯ ಇದ್ದಾನೆ ಅಂತ ಮೊದಲೇ ಗೊತ್ತಾದ್ರೆ ಹೆಚ್ಚಾಗಿ ಅದೇ ದೂರ ಹೋಗ್ತದೆ. ಈಗ ನಾನು ತೋಟಕ್ಕೆ ಇಳಿಯುವ ಮೊದಲು ಮೊಬೈಲಲ್ಲಿ ತಾಳಮದ್ದಳೆ ಜೋರಾಗಿ ಹಾಕಿ ಸೊಂಟಕ್ಕೆ ಸಿಕ್ಕಿಸ್ತೇನೆ. ಕಾಲಿಗೆ ಗಮ್ ಬೂಟು, ಚೀಲದಲ್ಲಿ ತೊಳೆದ ಬೈರಾಸು ಎರಡು. ಹೆಬ್ಬೆರಳು ಇನ್ನೂ ಪೂರ್ತಿ ಏಳುದಿಲ್ಲ, ಭಾನುವಾರ ಟೇಪ್ ಹಿಡಿದು ಕೂರುದು ಈಗ್ಲೂ ಉಂಟು.