ನಮ್ಮ ಕರಾವಳಿಯಲ್ಲಿ ಓಡಾಡಲು ದೋಣಿ ಕೊಳ್ಳುವವರಿಗೆ

ದೋಣಿ ನೋಡಲು ಹೋದಾಗ ಎಂಜಿನ್ ಎಷ್ಟು ಎಚ್‌ಪಿ ಅಂತ ಕೇಳುವ ಮೊದಲು, ಜನ, ಸಾಮಾನು ತುಂಬಿದಾಗ ತಳ ನೀರೊಳಗೆ ಎಷ್ಟು ಇಳಿಯುತ್ತದೆ ಅಂತ ಕೇಳಿ. ಹೊನ್ನಾವರ, ಗಂಗೊಳ್ಳಿಯಂಥ ಕಡೆ ಬಂದರು ಇರುವುದು ನದಿಯೊಳಗೆ. ಸಮುದ್ರಕ್ಕಿಳಿಯಲು ಅಳಿವೆ, ಅಂದರೆ ನದಿ ಕಡಲು ಸೇರುವ ಬಾಯಿ, ದಾಟಲೇಬೇಕು. ಅಲ್ಲಿ ಹೂಳು ಜಾಸ್ತಿ. ಮಳೆಗಾಲ ಕಳೆಯುವಷ್ಟರಲ್ಲಿ ಮರಳಿನ ದಿಬ್ಬ ಜಾಗ ಬದಲಿಸಿರುತ್ತದೆ. ಹಾಗಾಗಿ ತಳದಿಂದ ಆಳಕ್ಕಿಳಿಯುವ ರೆಕ್ಕೆಯಂಥ ಕೀಲ್ ಇರುವ ಹಾಯಿದೋಣಿ ಇಲ್ಲಿ ಕಷ್ಟ.

ಹಾಗಂತ ಪೂರ್ತಿ ಚಪ್ಪಟೆ ತಳದ್ದೂ ಬೇಡ. ಹಿನ್ನೀರಿಗೆ ಅದು ಸರಿ. ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ಸಮುದ್ರದಲ್ಲಿ ಪ್ರತಿ ಅಲೆಗೂ ಬಡಿಯುತ್ತದೆ. ಮುಂಭಾಗ ಚೂಪಾಗಿ, ಹಿಂದಕ್ಕೆ ಹೋಗುತ್ತಾ ಸಪಾಟಾಗುವ, ಅಂಚು ಎತ್ತರವಿರುವ ಫೈಬರ್ ದೋಣಿಯೇ ನನ್ನ ಆಯ್ಕೆ. ದೋಣಿಯ ಹಿಂದೆ ಹೊರಗಡೆ ಕೂರಿಸುವ ಔಟ್‌ಬೋರ್ಡ್ ಎಂಜಿನ್ ಆದರೆ ಆಳ ಕಡಿಮೆ ಇದ್ದಲ್ಲಿ ಮೇಲೆತ್ತಬಹುದು, ಅಲ್ವಾ?

ಹಳೇದು ಕೊಳ್ಳುವುದಾದರೆ ಎಂಜಿನ್ ಕೂರಿಸುವ ಹಿಂದಿನ ಹಲಗೆಯನ್ನು ಬೆರಳಗೆಣ್ಣಿನಿಂದ ಉದ್ದಕ್ಕೂ ತಟ್ಟಿ. ಗಟ್ಟಿ ಸದ್ದು ಬರದೆ ಮಂಕಾಗಿ ದಬ್ ಅಂದರೆ ಫೈಬರ್ ಒಳಗಿನ ಮರ ನೀರು ಕುಡಿದು ಕೊಳೆತಿರಬಹುದು. ಬಣ್ಣ ಹೊಸದಾಗಿದ್ದರಂತೂ ಬಿಡದೆ ತಟ್ಟಿ ನೋಡಿ. ಇಂಧನದ ಟ್ಯಾಂಕ್ ಚಿಕ್ಕದಾಗಬಾರದು: ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಬರಲು, ಒಂದು ತುರ್ತಿಗೆ. ದುಡ್ಡು ಕೊಡುವ ಮುಂಚೆ ಆ ಅಳಿವೆ ಬಲ್ಲ ಮೀನುಗಾರರೊಬ್ಬರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ.