ನವಾಹೋ ನೇಯ್ಗೆ: ಕೈಯಿಂದ ಕಲಿಯುವುದು, ಕಣ್ಣಿಂದ ಓದುವುದು

ಚಿಕ್ಕಮಗಳೂರಿನಲ್ಲಿ ಕುಳಿತು ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ನೇಯ್ಗೆಯನ್ನು ಅರಿಯಬೇಕೆನ್ನುವವರು ಮೊದಲು ಮನೆಯ ಅಟ್ಟದಲ್ಲಿರುವ ಹಳೆಯ ಕಂಬಳಿಯನ್ನು ಕೆಳಗಿಳಿಸಿ, ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಉದ್ದಕ್ಕೆ ಹೋದ ಹಾಸು ಮತ್ತು ಅಡ್ಡಕ್ಕೆ ಬಂದ ಹೊಕ್ಕು ಎರಡೂ ಅದರಲ್ಲಿ ಕಣ್ಣಿಗೆ ಬೀಳುತ್ತವೆ. ನವಾಹೋ ಕಂಬಳಿಯಲ್ಲಿ ಹಾಸು ಕಾಣುವುದೇ ಇಲ್ಲ. ಹೊಕ್ಕಿನ ಎಳೆಗಳನ್ನು ಅಷ್ಟು ಒತ್ತಾಗಿ ಬಡಿದು ಕೂಡಿಸುವುದರಿಂದ ಹಾಸು ಒಳಗೆ ಹುದುಗಿಹೋಗಿ, ಬಣ್ಣವೂ ಚಿತ್ರವೂ ಹೊಕ್ಕಿನದೇ ಆಗುತ್ತದೆ. ಈ ಒಂದು ವ್ಯತ್ಯಾಸ ಮನಸ್ಸಿಗೆ ಬಂದರೆ ಉಳಿದದ್ದನ್ನು ಗ್ರಹಿಸುವುದು ಸುಲಭ.

ತಮ್ಮನ್ನು ತಾವು ದಿನೇ ಎಂದು ಕರೆದುಕೊಳ್ಳುವ ನವಾಹೋ ಜನರ ನಾಡು ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೋ ಮತ್ತು ಯೂಟಾ ರಾಜ್ಯಗಳಲ್ಲಿ ಹರಡಿದೆ. ನಿಂತ ಮಗ್ಗದ ವಿದ್ಯೆಯನ್ನು ಅವರು ನೆರೆಯ ಪುಯೆಬ್ಲೋ ಜನರಿಂದ ಕಲಿತರೆಂದು ಇತಿಹಾಸಕಾರರು ಹೇಳುತ್ತಾರೆ. ಉಣ್ಣೆ ಬಂದದ್ದು ಸ್ಪೇನಿನವರು ತಂದ ಚುರ್ರೋ ಕುರಿಗಳಿಂದ. ದಿನೇ ಜನರ ಕಥನವೇ ಬೇರೆ. ಅದರ ಪ್ರಕಾರ ನೇಯ್ಗೆಯನ್ನು ಹೆಂಗಸರಿಗೆ ಕಲಿಸಿದವಳು ಜೇಡಮ್ಮ, ಮಗ್ಗ ಕಟ್ಟುವ ಬಗೆಯನ್ನು ತಿಳಿಸಿದವನು ಅವಳ ಜೊತೆಗಾರ. ಅರಿಜೋನಾದ ಕ್ಯಾನ್ಯನ್ ಡಿ ಶೇ ಎಂಬ ಕಮರಿಯಲ್ಲಿ ನೆಟ್ಟಗೆ ನಿಂತಿರುವ ಎತ್ತರದ ಬಂಡೆ ಅವಳ ಮನೆ. ಜೇಡ ಎಂಬ ಪದಕ್ಕೆ ನೇಕಾರ ಎಂಬ ಅರ್ಥವನ್ನೂ ಕೊಟ್ಟು, ಜೇಡರ ದಾಸಿಮಯ್ಯನನ್ನು ಆ ಹೆಸರಿನಿಂದಲೇ ನೆನೆಯುವ ಕನ್ನಡಿಗರಿಗೆ ಈ ಕಥೆ ಪರಕೀಯವೆನಿಸಬೇಕಾಗಿಲ್ಲ.

ಕಲಿಕೆಗೆ ದೊಡ್ಡ ಮಗ್ಗ ಬೇಡ. ಎರಡು ಅಡಿ ಎತ್ತರ, ಒಂದೂವರೆ ಅಡಿ ಅಗಲದ ಗಟ್ಟಿ ಚೌಕಟ್ಟೊಂದನ್ನು ಬಡಗಿಯಿಂದ ಮಾಡಿಸಿಕೊಳ್ಳಬಹುದು. ತೋಟಗಳಲ್ಲಿ ಸಿಗುವ ಸಿಲ್ವರ್ ಓಕ್ ಸಾಕು. ನಮ್ಮ ಕಂಬಳಿ ನೇಯುವವರು ನೆಲಮಟ್ಟದಲ್ಲಿ ಹಾಸನ್ನು ಎಳೆದು ಕಟ್ಟಿ ನೇಯುತ್ತಾರೆ. ನವಾಹೋ ಮಗ್ಗ ಗೋಡೆಯಂತೆ ಎದುರಿಗೆ ನಿಲ್ಲುತ್ತದೆ, ನೇಯುವವಳು ಅದರ ಮುಂದೆ ಕುಳಿತು ಕೆಳಗಿನಿಂದ ಮೇಲಕ್ಕೆ ಹೋಗುತ್ತಾಳೆ. ಆದ್ದರಿಂದ ಚೌಕಟ್ಟನ್ನು ಜಗುಲಿಯ ಕಂಬಕ್ಕೆ ಬಿಗಿದು ಕಟ್ಟಬೇಕು. ಚೌಕಟ್ಟು, ಕೆಲವು ಕೋಲು ಕಡ್ಡಿಗಳ ಹೊರತಾಗಿ ಮುಖ್ಯವಾಗಿ ಬೇಕಾದವು ಎರಡು: ಒಂದೂವರೆ ಅಡಿ ಉದ್ದದ ಚಪ್ಪಟೆಯಾದ ನುಣ್ಣನೆಯ ಪಟ್ಟಿ, ಮತ್ತು ಹಿಡಿಯಿರುವ ಮರದ ಹಣಿಗೆ. ಪಟ್ಟಿಗೆ ಬಗನಿಯಂಥ ಗಟ್ಟಿ ಮರ ಸಿಕ್ಕರೆ ಒಳ್ಳೆಯದು, ಆದರೆ ಸಿಬಿರು ಒಂದೂ ಉಳಿಯದಂತೆ ಉಜ್ಜಿರಬೇಕು.

ನೂಲಿನ ವಿಷಯದಲ್ಲಿ ಅವಸರ ಪಡಬಾರದು. ಅಂಗಡಿಗಳಲ್ಲಿ ಉಲ್ಲನ್ ಎಂದು ಮಾರುವ ದಾರದಲ್ಲಿ ಬಹಳಷ್ಟು ಅಕ್ರಿಲಿಕ್. ನಾನೂ ಮೊದಲ ಸಲ ಅದನ್ನೇ ಕೊಂಡು ಹಾಸಿನ ಎಳೆಗಳಿಗೆ ಬಳಸಿ, ಎರಡು ದಿನಗಳಲ್ಲಿ ಅದು ರಬ್ಬರಿನಂತೆ ಸಡಿಲವಾದಾಗ ಪೂರ್ತಿ ಬಿಚ್ಚಿಹಾಕಿದೆ. ಒಂದು ತುಣುಕನ್ನು ಸುಟ್ಟು ನೋಡಿದರೆ ಗೊತ್ತಾಗುತ್ತದೆ: ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುವ ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತದೆ. ಹಾಸಿನ ಎಳೆಗಳಿಗೆ ಕಡೂರು, ಅರಸೀಕೆರೆ ಬಯಲಿನ ಕುರಿ ಸಾಕುವವರ ಊರುಗಳಲ್ಲಿ ಕೇಳಿ ತಂದ, ಬಿಗಿಯಾಗಿ ಹುರಿಗೊಟ್ಟ ಒರಟು ಕಂಬಳಿ ನೂಲೇ ಯೋಗ್ಯ. ಹೊಕ್ಕಿಗೆ ಇನ್ನಷ್ಟು ಮೃದುವಾದ, ಕಡಿಮೆ ಹುರಿಯ ನೂಲು ಬೇಕು. ಬಣ್ಣ ಹಾಕುವುದಾದರೆ ಕುರಿಯ ಸಹಜವಾದ ಕಪ್ಪು, ಕಂದು, ಬಿಳಿಗಳ ಜೊತೆಗೆ ಅಡಿಕೆ ಬೇಯಿಸಿದ ಚೊಗರಿನ ಕೆಂಗಂದು ಚೆನ್ನಾಗಿ ಹೊಂದುತ್ತದೆ. ನವಾಹೋ ನೇಕಾರರೂ ಕಾಡು ವಾಲ್‌ನಟ್‌ನಂಥ ಗಿಡಮರಗಳಿಂದ ಬಣ್ಣ ತೆಗೆಯುತ್ತಾರೆ; ಅವರ ಗಿಡಗಳನ್ನು ಇಲ್ಲಿ ಹುಡುಕುವುದಕ್ಕಿಂತ ಅವರ ಕ್ರಮವನ್ನು ಇಲ್ಲಿನ ಗಿಡಗಳಿಗೆ ಒಗ್ಗಿಸುವುದೇ ಸರಿಯೆಂದು ನನ್ನ ಅಭಿಪ್ರಾಯ.

ಈ ನೇಯ್ಗೆಯ ಜೀವಾಳ ಹಾಸು ಕಟ್ಟುವುದರಲ್ಲಿದೆ. ಎರಡು ಕೋಲುಗಳ ನಡುವೆ ಒಂದೇ ನೂಲನ್ನು ಕತ್ತರಿಸದೆ ಇಂಗ್ಲಿಷಿನ 8ರ ಆಕಾರದಲ್ಲಿ ಸುತ್ತಬೇಕು. ಎಂಟು ಅಂಗುಲ ಅಗಲದ ತುಂಡಿಗೆ ಅಂಗುಲಕ್ಕೆ ಆರರಂತೆ ಒಟ್ಟು 48 ಎಳೆ ಬಂದರೆ ಮೊದಲ ಪಾಠಕ್ಕೆ ಸಾಕು. ಆಮೇಲೆ ಮೇಲಿನ ಮತ್ತು ಕೆಳಗಿನ ಅಂಚುಗಳಲ್ಲಿ ದಪ್ಪ ದಾರಗಳಿಂದ ಎಳೆಗಳನ್ನು ಹೆಣೆದು ಅಂತರ ಉಳಿಸಿ, ಆ ಅಂಚುದಾರಗಳನ್ನು ಮಗ್ಗದ ಅಡ್ಡಕೋಲುಗಳಿಗೆ ಬಿಗಿಯಬೇಕು. ಹೀಗೆ ಮಾಡುವುದರಿಂದ ನೇಯ್ದ ಬಟ್ಟೆಯನ್ನು ಎಲ್ಲಿಯೂ ಕತ್ತರಿಸುವ ಪ್ರಸಂಗ ಬರುವುದಿಲ್ಲ, ನಾಲ್ಕು ಕಡೆಯೂ ಮುಗಿದ ಅಂಚು ಸಿಗುತ್ತದೆ. ಅದೇ ಕಾರಣಕ್ಕೆ ಮೊದಲ ಹೊಕ್ಕು ಹಾಕುವ ಮುಂಚೆಯೇ ಕಂಬಳಿಯ ಅಳತೆ ನಿಶ್ಚಯವಾಗಿರುತ್ತದೆ, ನಡುವೆ ಮನಸ್ಸು ಬದಲಾಯಿಸಲು ಆಗುವುದಿಲ್ಲ. ಮೇಲಿನ ಕೋಲನ್ನು ಚೌಕಟ್ಟಿಗೆ ಹಗ್ಗದ ಸುತ್ತುಗಳಿಂದ ಕಟ್ಟುವುದನ್ನು ಮರೆಯಬಾರದು. ಮೂಡಿಗೆರೆ, ಸಕಲೇಶಪುರಗಳ ಮಳೆಗಾಲದಲ್ಲಿ ತೇವ ಹೀರಿ ಉಣ್ಣೆ ಸಡಿಲವಾದಾಗ ಆ ಹಗ್ಗವನ್ನೇ ಎಳೆದು ಬಿಗಿ ಮಾಡಬೇಕಾಗುತ್ತದೆ.

ಒಂದು ಬಿಟ್ಟು ಒಂದು ಎಳೆಯನ್ನು ದಾರದ ಕುಣಿಕೆಗಳಿಂದ ಒಂದು ಕಡ್ಡಿಗೆ ಕಟ್ಟಿ, ಉಳಿದ ಎಳೆಗಳ ಹಿಂದೆ ಇನ್ನೊಂದು ಕಡ್ಡಿ ತೂರಿಸಿದರೆ ಹೊಕ್ಕು ಹಾಯುವ ಸಂದುಗಳಾದ ಎರಡು ಬಾಯಿಗಳು ಸಿದ್ಧವಾಗುತ್ತವೆ. ಪಟ್ಟಿಯನ್ನು ಒಳಗೆ ತೂರಿಸಿ ಅಡ್ಡಲಾಗಿ ತಿರುಗಿಸಿದರೆ ಬಾಯಿ ತೆರೆದುಕೊಂಡಿರುತ್ತದೆ. ಹೊಕ್ಕನ್ನು ನೇರವಾಗಿ ಎಳೆಯದೆ ಸಣ್ಣ ಕಮಾನಿನಂತೆ ಬಿಟ್ಟು ಹಣಿಗೆಯಿಂದ ಕೆಳಗೆ ಬಡಿಯಬೇಕು. ಕಮಾನು ಕಡಿಮೆಯಾದರೆ ಅಂಚು ಒಳಗೆ ಎಳೆಯುತ್ತದೆ. ನನ್ನ ಮೊದಲ ತುಂಡು ಎಂಟು ಅಂಗುಲದಲ್ಲಿ ಶುರುವಾಗಿ ನಡುವೆ ಆರೂವರೆಗೆ ಇಳಿದು ಡಮರುವಿನ ಆಕಾರ ಪಡೆದಿತ್ತು. ಅಂಗುಲಕ್ಕೊಮ್ಮೆ ಅಳತೆಪಟ್ಟಿ ಇಟ್ಟು ನೋಡುವುದೊಂದೇ ಇದಕ್ಕೆ ಪರಿಹಾರ.

ಮೊದಲು ಬರೀ ಪಟ್ಟೆಗಳನ್ನು ನೇಯಿರಿ. ಎರಡನೆಯ ತುಂಡಿನಲ್ಲಿ ಓರೆ ಗೆರೆಗೆ ಹೋಗಬಹುದು: ಎರಡು ಬಣ್ಣದ ಹೊಕ್ಕುಗಳು ಎದುರುಬದುರಾಗಿ ಬಂದು, ಪ್ರತಿ ಸಾಲಿಗೂ ಒಂದೊಂದು ಎಳೆ ಸರಿಯುತ್ತ ಹಿಂದಿರುಗಿದರೆ ನಡುವೆ ಸೀಳು ಉಳಿಯುವುದಿಲ್ಲ. ನೆಟ್ಟಗಿನ ಗೆರೆಯಲ್ಲಾದರೆ ಸೀಳು ಬೀಳುತ್ತದೆ, ಅದನ್ನು ತಪ್ಪಿಸಲು ಎರಡು ಹೊಕ್ಕುಗಳನ್ನು ಪರಸ್ಪರ ಕೊಂಡಿ ಹಾಕಬೇಕು. ನವಾಹೋ ಕಂಬಳಿಗಳಲ್ಲಿ ವಜ್ರಾಕೃತಿ, ಮೆಟ್ಟಿಲಾಕೃತಿಗಳು ಇಷ್ಟೊಂದು ಕಾಣುವುದಕ್ಕೆ ಸೌಂದರ್ಯದ ಜೊತೆಗೆ ಈ ಯುಕ್ತಿಯೂ ಕಾರಣ. ನಕ್ಷೆಗೆ ಬೇಲೂರಿನ ಜಾಲಂಧ್ರಗಳ ಜ್ಯಾಮಿತಿಯನ್ನು ನೋಡಿಕೊಳ್ಳಿ. ನವಾಹೋ ಪೂಜಾವಿಧಿಗಳ ದೇವತಾಕೃತಿಗಳನ್ನು ನಕಲು ಮಾಡುವುದು ಸಭ್ಯವಲ್ಲ.

ಮೇಲಿನ ಕೊನೆಯ ಅಂಗುಲವೇ ಪರೀಕ್ಷೆ. ಬಾಯಿ ಕಿರಿದಾಗುತ್ತ ಹೋಗಿ ಪಟ್ಟಿ ತೂರದಂತಾಗುತ್ತದೆ. ಆಗ ಸಣ್ಣ ಕಡ್ಡಿ, ಬಳಿಕ ಗೋಣಿಸೂಜಿ. ನವಾಹೋ ನೇಕಾರರು ಇಲ್ಲಿ ಕೊಡೆಯ ಕಡ್ಡಿಯನ್ನೂ ಬಳಸುವುದುಂಟು, ಮಲೆನಾಡಿನಲ್ಲಿ ಮುರಿದ ಕೊಡೆಗೆ ಬರಗಾಲವಿಲ್ಲ.

ಇಷ್ಟು ಮಾಡಿದವರ ಕಣ್ಣು ವಸ್ತುಸಂಗ್ರಹಾಲಯಗಳ ಚಿತ್ರಗಳನ್ನು ಬೇರೆ ರೀತಿಯಲ್ಲಿ ನೋಡುತ್ತದೆ. 19ನೆಯ ಶತಮಾನದ ಹೊದಿಕೆಗಳಲ್ಲಿರುವ ಗಾಢ ಕೆಂಪು ಎಷ್ಟೋ ಸಲ ಬಯೇಟಾ ಎಂಬ ಆಮದು ಬಟ್ಟೆಯನ್ನು ಬಿಚ್ಚಿ ತೆಗೆದ ನೂಲಿನದು. 1864ರಲ್ಲಿ ಅಮೆರಿಕದ ಸೈನ್ಯ ಸಾವಿರಾರು ದಿನೇ ಜನರನ್ನು ನ್ಯೂ ಮೆಕ್ಸಿಕೋದ ಬಾಸ್ಕೆ ರೆಡೊಂಡೋಗೆ ನಡೆಸಿಕೊಂಡು ಹೋಗಿ ಬಂಧನದಲ್ಲಿಟ್ಟಿತು. 1868ರ ಒಪ್ಪಂದದ ಬಳಿಕ ಮರಳಿದವರು ವ್ಯಾಪಾರದ ಅಂಗಡಿಗಳ ಬೇಡಿಕೆಗೆ ತಕ್ಕಂತೆ ಹೊದಿಕೆಯನ್ನು ಬಿಟ್ಟು ನೆಲಹಾಸಿನ ಕಡೆಗೆ ತಿರುಗಿದರು. ಅರಿಜೋನಾದ ಗನಾಡೋ ಊರಿನ ಹಬ್ಬೆಲ್ ಅಂಗಡಿಯ ಸುತ್ತ ಕೆಂಪು ಹಿನ್ನೆಲೆಯ ಶೈಲಿ ಬೆಳೆದರೆ, ನ್ಯೂ ಮೆಕ್ಸಿಕೋದ ಟೂ ಗ್ರೇ ಹಿಲ್ಸ್ ಪ್ರದೇಶದಲ್ಲಿ ಕುರಿಯ ಸಹಜ ಬಣ್ಣಗಳಷ್ಟೇ ನಿಂತವು. ಆ ಪ್ರದೇಶದ ನೇಕಾರ್ತಿ ಡೈಸಿ ಟಾಗೆಲ್ಚಿ ಅಂಗುಲಕ್ಕೆ 100ಕ್ಕೂ ಹೆಚ್ಚು ಹೊಕ್ಕು ಬರುವಂತೆ ನೇಯುತ್ತಿದ್ದರು. ನಿಮ್ಮ ತುಂಡಿನಲ್ಲಿ ಎಷ್ಟಿವೆಯೆಂದು ಎಣಿಸಿದ ಮೇಲೆ ಆ ಸಂಖ್ಯೆಯ ತೂಕ ತಿಳಿಯುತ್ತದೆ.

ಕೊಳ್ಳುವವರಿಗೆ ಒಂದು ಮಾತು. ನವಾಹೋ ಮಾದರಿಯ ಜಮಖಾನೆಗಳನ್ನು ನಮ್ಮ ದೇಶದಲ್ಲಿಯೂ ನೇಯ್ದು ಮಾರುತ್ತಾರೆ. ಅವು ಮೋಸವಾಗುವುದು ನವಾಹೋ ಎಂಬ ಹೆಸರಿನಲ್ಲಿ ಮಾರಿದಾಗ ಮಾತ್ರ, ಅಮೆರಿಕದಲ್ಲಿ 1990ರ ಕಾಯಿದೆಯೊಂದು ಅದನ್ನು ಅಪರಾಧವೆಂದು ಸಾರಿದೆ. ಎರಡು ತುದಿಗಳನ್ನು ನೋಡಿ: ಹಾಸು ಕತ್ತರಿಸಿ ಕುಚ್ಚು ಬಿಟ್ಟಿದ್ದರೆ ಅಥವಾ ತುದಿಗಳನ್ನು ಮತ್ತೆ ಒಳಗೆ ತೂರಿಸಿದ್ದರೆ ಸಂದೇಹ ಪಡಿ. ಮೈಮೇಲೆ ಓರೆಯಾಗಿ ಹೋದ ಮಸುಕು ಗೆರೆಗಳು ಕಂಡರೆ ಅದು ದೋಷವಲ್ಲ. ಅಗಲವಾದ ಮಗ್ಗದ ಮುಂದೆ ಕುಳಿತವಳು ಕೈಗೆಟುಕುವಷ್ಟನ್ನು ನೇಯ್ದು, ಆಮೇಲೆ ಪಕ್ಕಕ್ಕೆ ಸರಿದು ಮುಂದುವರಿಸಿದ್ದರ ಗುರುತು.

ಕೆಲವು ಕಂಬಳಿಗಳ ಅಂಚುಪಟ್ಟಿಯನ್ನು ಸೀಳಿಕೊಂಡು ಒಳಗಿನಿಂದ ಹೊರಗೆ ಹೋಗುವ ತೆಳು ಗೆರೆಯೊಂದಿರುತ್ತದೆ. ನೇಯುವವಳ ಮನಸ್ಸು ಚೌಕಟ್ಟಿನೊಳಗೆ ಸಿಕ್ಕಿಬೀಳದೆ ಮುಂದಿನ ಕಂಬಳಿಗೆ ಹೋಗಲೆಂದು ಬಿಟ್ಟ ದಾರಿ ಅದು. ನಾವು ಕಲಿಕೆಗೆಂದು ನೇಯುವ ತುಂಡಿನಲ್ಲಿ ಅದನ್ನು ಅಲಂಕಾರಕ್ಕಾಗಿ ಹಾಕಬೇಕಾಗಿಲ್ಲ.