ಸ್ಪೆಲ್‌ಚೆಕ್ಕರಿನ ಒಂದು ವರ್ಷ: ಎರಡು ಫೈಲು, ಒಂದು ಮಳೆಗಾಲ

ತಪ್ಪು ಪದದಡಿ ಕೆಂಪು ಗೆರೆ ಎಳೆಯುವ ಕನ್ನಡ ಸ್ಪೆಲ್‌ಚೆಕ್ಕರ್ ಅಂದರೆ ಎರಡೇ ಫೈಲು. ಒಂದರಲ್ಲಿ ಪದಗಳು, ಇನ್ನೊಂದರಲ್ಲಿ ಪ್ರತ್ಯಯದ ನಿಯಮಗಳು. ಇವನ್ನು ಓದುವ ಹನ್‌ಸ್ಪೆಲ್ ಎಂಬ ತಂತ್ರಾಂಶ, ಕಡತ ಬರೆಯುವ ಲಿಬ್ರೆಆಫೀಸ್‌ನಲ್ಲೂ ಇದೆ, ವೆಬ್ ನೋಡುವ ಫೈರ್‌ಫಾಕ್ಸ್‌ನಲ್ಲೂ ಇದೆ. ಅದು ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ. ಅದೂ ಕನ್ನಡದ ಹಾಗೆ ಪದಕ್ಕೆ ಪ್ರತ್ಯಯ ಅಂಟಿಸುತ್ತಾ ಹೋಗುವ ಭಾಷೆಯಾದ್ದರಿಂದ ನಮಗೆ ಒದಗುತ್ತದೆ. ತೀರ್ಥಹಳ್ಳಿ, ಸಾಗರ, ಹೊಸನಗರದ ಆರು ಜನ ಸಂಬಳವಿಲ್ಲದೆ ಈ ಫೈಲುಗಳನ್ನು ನೋಡಿಕೊಳ್ಳುತ್ತೇವೆ.

ಲಿಬ್ರೆಆಫೀಸ್‌ನ ದೊಡ್ಡ ಆವೃತ್ತಿ ವರ್ಷಕ್ಕೆ ಎರಡು, ಫೆಬ್ರವರಿ ಮತ್ತು ಆಗಸ್ಟ್ ಹೊತ್ತಿಗೆ. ಫೆಬ್ರವರಿಯದನ್ನು ನಾವು ಗುರಿ ಮಾಡಿಕೊಳ್ಳುವುದೇ ಇಲ್ಲ. ಅದಕ್ಕೆ ಮೊದಲಿನ ಮೂರು ತಿಂಗಳು ಅಡಿಕೆಯ ಕೊನೆಕೊಯ್ಲು, ಸುಲಿಯುವುದು, ಬೇಯಿಸುವುದು. ಯಾರ ಕೈಯೂ ಬಿಡುವಿಲ್ಲ. ಕೆಲಸವೆಲ್ಲ ಆಗಸ್ಟಿನ ಆವೃತ್ತಿಗೆ.

ಮಾರ್ಚಿನಲ್ಲಿ ಪದ ಕೂಡಿಸುತ್ತೇವೆ. ಅಂಗಡಿಯಲ್ಲಿ ಸಿಗುವ ನಿಘಂಟಿನಿಂದ ಪಟ್ಟಿ ಎತ್ತುವಂತಿಲ್ಲ, ಹಕ್ಕು ಪ್ರಕಾಶಕರದು. ಕನ್ನಡ ವಿಕಿಪೀಡಿಯದ ಪೂರ್ತಿ ಪಠ್ಯವನ್ನು ಇಳಿಸಿಕೊಳ್ಳಬಹುದು, ಅದರ ಪರವಾನಗಿಯನ್ನು ಪಾಲಿಸಬೇಕು. ಪದಗಳನ್ನು ಬಿಡಿಸಿ, ಎಣಿಸಿ, ಮೂರು ಸಲಕ್ಕಿಂತ ಕಡಿಮೆ ಬಂದವನ್ನು ಪಕ್ಕಕ್ಕಿಡುತ್ತೇವೆ. ಅವುಗಳಲ್ಲಿ ಬೆರಳಚ್ಚಿನ ತಪ್ಪೇ ಹೆಚ್ಚು.

ಎಣಿಸುವ ಮೊದಲು ಪಠ್ಯವನ್ನು ತೊಳೆಯಬೇಕು. ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ ಒತ್ತಿದವರು ಬಹಳ: 'ಕಂಪ್ಯೂಟರ್' ಬದಲು 'ಕ೦ಪ್ಯೂಟರ್'. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಅರ್ಕಾವತ್ತಿನ ಜಾಗದಲ್ಲಿ ಒಂಬತ್ತು ಬಂದು 'ಸೂರ್ಯ' ಎಂಬುದು 'ಸೂಯ೯' ಆಗಿರುತ್ತದೆ. ಸೊನ್ನೆಯ ಹಿಂದೆ ಅಕ್ಷರವಿದ್ದರೆ ಅನುಸ್ವಾರ, ಅಂಕಿಯಿದ್ದರೆ ಸೊನ್ನೆಯೇ. ಇಷ್ಟು ನಿಯಮ ಸಾಕು. ಒಂಬತ್ತಕ್ಕೆ ಅಷ್ಟು ಸಾಲದು. ಅದನ್ನು 'ರ್' ಮಾಡಿ, ಹಿಂದಿನ ವ್ಯಂಜನವನ್ನು ಗುಣಿತ, ಒತ್ತಿನ ಸಮೇತ ಹಾರಿಸಿ ಆ ವ್ಯಂಜನಕ್ಕೂ ಮೊದಲು ಕೂರಿಸಬೇಕು. ಗುಣಿತ ಬಿಟ್ಟು ಬರೀ ವ್ಯಂಜನ ಹಾರಿಸಿದರೆ 'ಮಾರ್ಗ' ಸರಿಹೋಗುತ್ತದೆ, 'ಕಾರ್ಯಾಲಯ' ಕೆಡುತ್ತದೆ. ಓತ್ವವನ್ನು ಕೆಲವರ ಕೀಲಿಮಣೆ ಒಂದೇ ಚಿಹ್ನೆಯಾಗಿ, ಕೆಲವರದು ಮೂರು ತುಂಡಾಗಿ ಬರೆಯುತ್ತದೆ. ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಕೂಡಿಸಿದ ರೂಪಕ್ಕೆ, ತಂದರೆ ಇದು ಒಂದಾಗುತ್ತದೆ.

ಏಪ್ರಿಲ್, ಮೇ ಪೂರ್ತಿ ನಿಯಮಗಳಿಗೆ. ವರ್ಷದ ನಿಜವಾದ ಕೆಲಸ ಇದೇ. ಪ್ರತಿ ನಿಯಮದಲ್ಲಿ ಮೂರು ಸಂಗತಿ: ಪದದ ಕೊನೆಯಿಂದ ಏನು ತೆಗೆಯಬೇಕು, ಏನು ಸೇರಿಸಬೇಕು, ಯಾವ ಕೊನೆಗೆ ಇದು ಅನ್ವಯ. 'ಊರು' ಪದದಿಂದ ಉಕಾರದ ಚಿಹ್ನೆ ತೆಗೆದು 'ಲ್ಲಿ' ಸೇರಿಸಿದರೆ 'ಊರಲ್ಲಿ', 'ನ್ನು' ಸೇರಿಸಿದರೆ 'ಊರನ್ನು'. 'ಅಡಿಕೆ'ಯಿಂದ ಏನೂ ತೆಗೆಯದೆ 'ಯಲ್ಲಿ' ಸೇರಿಸಬೇಕು.

ಅಕಾರದಲ್ಲಿ ಮುಗಿಯುವ ಪದಗಳು ಸತಾಯಿಸುತ್ತವೆ. ಅಕಾರಕ್ಕೆ ಚಿಹ್ನೆಯೇ ಇಲ್ಲ, ಆದ್ದರಿಂದ ಕೊನೆಯಲ್ಲಿ ವ್ಯಂಜನವಿದೆಯೇ ಎಂದು ನೋಡಬೇಕು. 'ಕ'ದಿಂದ 'ಹ'ದವರೆಗೆ ಎನ್ನಲು ನಡುವೆ ಅಡ್ಡಗೆರೆ ಹಾಕಿದರೆ ಹನ್‌ಸ್ಪೆಲ್ ಅದನ್ನು ಬರೀ ಗೆರೆ ಎಂದೇ ಓದುತ್ತದೆ. ಎಲ್ಲ ವ್ಯಂಜನಗಳನ್ನೂ ಬಿಡಿಬಿಡಿಯಾಗಿ ಬರೆಯಬೇಕು.

ಯಂತ್ರದಿಂದ ಆಗದ ಭಾಗವೂ ಇದೆ. 'ಹಾವು' ಹಾವಿನ ಆಗುತ್ತದೆ, 'ವಾಯು' ವಾಯುವಿನ ಆಗುತ್ತದೆ. 'ಮರ' ಮರದ, 'ಹುಡುಗ' ಹುಡುಗನ. 'ಸಾಗರ' ಊರಾದರೆ ಸಾಗರದ, ಹುಡುಗನ ಹೆಸರಾದರೆ ಸಾಗರನ. ಪದದ ಆಕಾರ ನೋಡಿ ಇದನ್ನು ಹೇಳಲಾಗದು. ಕನ್ನಡ ಮಾತಾಡುವವರೇ ಕೂತು ಯಾವ ಪದಕ್ಕೆ ಯಾವ ನಿಯಮ ಎಂದು ಒಂದೊಂದಕ್ಕೂ ಗುರುತು ಹಾಕಬೇಕು. ಪ್ರೋಗ್ರಾಮಿಂಗ್ ಗೊತ್ತಿಲ್ಲದ ಶಾಲಾ ಮೇಷ್ಟ್ರು ಈ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಅವರಿಗೆ ಸ್ಪ್ರೆಡ್‌ಶೀಟ್ ಕೊಟ್ಟರೆ ಸಾಕು.

ಹನ್‌ಸ್ಪೆಲ್ ಪದದ ಕೊನೆಯಲ್ಲಿ ಎರಡು ಪದರದ ಪ್ರತ್ಯಯವನ್ನಷ್ಟೇ ಬಿಡಿಸುತ್ತದೆ. 'ಊರುಗಳಲ್ಲಿಯೂ' ಎಂಬಲ್ಲಿ ಮೂರು ಪದರವಿದೆ. ಅದಕ್ಕೆ ಬಹುವಚನ ಮತ್ತು ವಿಭಕ್ತಿಯನ್ನು 'ಗಳಲ್ಲಿ' ಎಂದು ಒಂದೇ ನಿಯಮವಾಗಿ ಬೆಸೆದು, ಎರಡನೆಯ ಪದರವನ್ನು 'ಊ', 'ಏ'ಗಳಿಗೆ ಬಿಟ್ಟಿದ್ದೇವೆ. ಸಾಲುಗಳು ಹೆಚ್ಚಿದರೂ ಬೇರೆ ದಾರಿಯಿಲ್ಲ.

ಜೂನ್ ಬಂದರೆ ಮಳೆ. ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳುವಂತಿಲ್ಲ, ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಫೈಲಿನ ಬದಲಾವಣೆಗಳನ್ನು ದಾಖಲಿಸಿ ಬೆಸೆಯುವ ಗಿಟ್ ಎಂಬ ತಂತ್ರಾಂಶ ಇದಕ್ಕೆ ಹೇಳಿ ಮಾಡಿಸಿದ್ದು: ಇಡೀ ಇತಿಹಾಸ ನಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ, ಸಿಗ್ನಲ್ ಸಿಕ್ಕಾಗ ಕಳಿಸಿದರಾಯಿತು. ಆದರೆ ತಡವಾಗಿ ಸೇರುವ ಬದಲಾವಣೆಗಳಲ್ಲಿ ಒಂದು ಅಪಾಯವಿದೆ. ಪ್ರತಿ ನಿಯಮಗುಂಪಿನ ತಲೆಯಲ್ಲಿ ಸಾಲುಗಳ ಎಣಿಕೆ ಇರುತ್ತದೆ. 24 ಇದ್ದಾಗ ಇಬ್ಬರು ಬೇರೆ ಬೇರೆ ಜಾಗದಲ್ಲಿ ಒಂದೊಂದು ಸಾಲು ಸೇರಿಸಿ, ಇಬ್ಬರೂ 25 ಎಂದು ತಿದ್ದುತ್ತಾರೆ. ತಿದ್ದುಪಡಿ ಒಂದೇ ಆದ್ದರಿಂದ ಗಿಟ್ ತಕರಾರಿಲ್ಲದೆ ಬೆಸೆಯುತ್ತದೆ. ಇರಬೇಕಾದದ್ದು 26, ಹಾಗಾಗಿ ಗುಂಪು ಕೆಡುತ್ತದೆ. ಈಗ ಎಣಿಕೆಯನ್ನು ಕೈಯಿಂದ ಯಾರೂ ಮುಟ್ಟುವುದಿಲ್ಲ; ಪ್ಯಾಕೇಜ್ ಕಟ್ಟುವ ಸ್ಕ್ರಿಪ್ಟೇ ಎಣಿಸಿ ತುಂಬುತ್ತದೆ.

ಜುಲೈನಲ್ಲಿ ಪರೀಕ್ಷೆ. ಸರಿ ಪದಗಳದ್ದೊಂದು ಕಡತ, ತಪ್ಪು ಪದಗಳದ್ದೊಂದು. ಎರಡನೆಯದೇ ಮುಖ್ಯ: ನಿಯಮ ಸಡಿಲವಾದರೆ 'ಮರನ', 'ಊರುಯಲ್ಲಿ' ಕೂಡ ಪಾಸಾಗುತ್ತವೆ. ಕೆಂಪು ಗೆರೆಯೇ ಬರುತ್ತಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವಕ್ಕೆ ನಮ್ಮ ಫೈಲು ಕಾರಣವಲ್ಲ. ಲಿಬ್ರೆಆಫೀಸ್‌ನ ಭಾಷಾ ಆಯ್ಕೆಯಲ್ಲಿ ಸಂಕೀರ್ಣ ಲಿಪಿಯ ಭಾಷೆ ಹಿಂದಿ ಎಂದಿದ್ದರೆ ಕನ್ನಡದ ಪದಪಟ್ಟಿಯನ್ನು ಅದು ತೆರೆಯುವುದೇ ಇಲ್ಲ. ಅಲ್ಲಿ ಕನ್ನಡ ಎಂದು ಬದಲಿಸಬೇಕು.

ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಂದ ದೂರುಗಳನ್ನು ತೀರಿಸುತ್ತೇವೆ. ಆಮೇಲೆ ಕೊಯ್ಲು ಮುಗಿಯುವವರೆಗೆ ನಿಯಮದ ಫೈಲಿಗೆ ಬೀಗ. ಪದಗಳಿಗೆ ಮಾತ್ರ ಬಾಗಿಲು ತೆರೆದಿರುತ್ತದೆ, ಅಡಿಕೆ ತೋಟದ ಕಡೆಯ ಇಂಥವಕ್ಕೆ: ಚೊಗರು, ಗೊರಬಲು, ಬೆಟ್ಟೆ, ಸೋಗೆ. ಕಳಿಸುವವರು ಪದ, ಅದರ 'ಅಲ್ಲಿ' ರೂಪ, ಬಳಸಿದ ಒಂದು ವಾಕ್ಯ, ಇಷ್ಟನ್ನು ಬರೆದರೆ ಗುರುತು ಯಾವುದೆಂದು ಮಾರ್ಚಿನಲ್ಲಿ ಕೂತಾಗ ಮತ್ತೆ ಕೇಳಬೇಕಾಗುವುದಿಲ್ಲ.